ಉಸಿರಣ್ಣನ ಎದೆಯ ಫಿಲ್ಮು

ಕ್ಷಯದ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷದಿಂದ ಎಕ್ಸ್-ರೇ ತೆಗೆಯುತ್ತಿದ್ದವನಿಗೆ ಜನ ಇಟ್ಟ ಹೆಸರು ಉಸಿರಣ್ಣ. "ಉಸಿರು ಎಳೀ... ಹಿಡೀ!" ಎಂದು ಅವನು ಕೂಗಿದರೆ ಗೇಟಿನಾಚೆ ಸೈಕಲ್ ತುಳಿಯುವವನೂ ಉಸಿರು ಹಿಡಿಯಬೇಕು. ಮುಷ್ಕರಗಳಲ್ಲಿ ಘೋಷಣೆ ಕೂಗಿ ಪಳಗಿದ ಗಂಟಲು ಅದು.

ಆ ಗಂಟಲಿಗೆ ಬೆಲೆಯಿಲ್ಲದಂತೆ ಮಾಡಲು ಎರಡನೇ ಕೋಣೆಗೆ ಹೊಸಬಳೊಬ್ಬಳು ಬಂದಳು. ರೋಗಿಗಳು ಬೆಚ್ಚದಿರಲೆಂದು, ಎದೆ ಒತ್ತಿ ನಿಲ್ಲುವ ತಣ್ಣನೆಯ ಹಲಗೆಯನ್ನು ಬಿಸಿನೀರಿನ ಬಟ್ಟೆಯಲ್ಲಿ ಒರೆಸುತ್ತಾಳಂತೆ. ಕೂಗುವುದೇ ಇಲ್ಲವಂತೆ. ಡಾಕ್ಟರಮ್ಮ ಅವಳ ಫಿಲ್ಮನ್ನು ಬೆಳಕಿಗೆ ಹಿಡಿದು, "ಫಿಲ್ಮ್ ಅಂದ್ರೆ ಇದು ನೋಡಿ" ಎಂದ ದಿನ ಉಸಿರಣ್ಣನ ಹೊಟ್ಟೆಗೆ ಸೀಮೆಎಣ್ಣೆ ಸುರಿದಂತಾಯಿತು. ಹೊಟ್ಟೆಕಿಚ್ಚು ಎನ್ನಲು ನಾಚಿಕೆ ಯಾಕೆ, ಹೊಟ್ಟೆಕಿಚ್ಚೇ. ಅವಳು ಕೆಡಿಸಿ ಎಸೆದ ಫಿಲ್ಮುಗಳಿಗಾಗಿ ಕಸದ ಡಬ್ಬಿ ತಡಕಿದ. ಒಂದು ಸಿಕ್ಕಿತು. ನೋಡಿದರೆ ತಾನೇ ಎಸೆದದ್ದು.

ಅಷ್ಟರಲ್ಲಿ ಅವನಿಗೇ ಕೆಮ್ಮು ಹತ್ತಿತು. ಮೂರು ವಾರವಾದರೂ ಬಿಡಲಿಲ್ಲ.

"ಊರವರ ಎದೆಯೆಲ್ಲ ನೋಡ್ತೀರ. ಮೊಮ್ಮಗಳು ದಿನಾ ನಿಮ್ಮ ಎದೆ ಮೇಲೇ ಮಲಗ್ತಾಳಲ್ಲ, ಅದನ್ನ ಯಾರು ನೋಡ್ಬೇಕು?" ಎಂದಳು ಹೆಂಡತಿ. "ಆ ಹುಡುಗಿ ಹತ್ರ ತೆಗೆಸ್ಕೊಳ್ಳಿ."

"ಅವಳ ಮುಂದೆ ಅಂಗಿ ಬಿಚ್ಚಿ ನಿಲ್ಲಲಾ? ಸತ್ರೂ ಇಲ್ಲ."

ಆಸ್ಪತ್ರೆಯ ತನ್ನ ಕೋಣೆಯಲ್ಲಿ ಸ್ವಿಚ್ಚಿನ ಉದ್ದ ವೈರು ಎಳೆದುಕೊಂಡು ತನ್ನ ಎದೆಯನ್ನು ತಾನೇ ತೆಗೆದ. ಮನೆಗೆ ತಂದು, "ನೋಡೇ, ಏನೂ ಇಲ್ಲ" ಎಂದ. ಅವಳೇನೋ ನಂಬಿದಳು. ಅವನ ಕಣ್ಣು ನಂಬಬೇಕಲ್ಲ! ಬಲಗೈ ಸ್ವಿಚ್ಚು ಹಿಡಿದಿದ್ದರಿಂದ ಬಲಭುಜ ಮುಂದೆ ಬಂದಿರಲಿಲ್ಲ. ಹೆಗಲ ಮೂಳೆಯ ನೆರಳು ಶ್ವಾಸಕೋಶದ ಮೇಲ್ತುದಿಯನ್ನು ಬೆಳ್ಳಗೆ ಮುಚ್ಚಿತ್ತು. ಕ್ಷಯ ಅಡಗಿ ಕೂರುವ ಜಾಗವೇ ಅದು. ಬೇರೆ ಯಾರಾದರೂ ಇಂಥ ಫಿಲ್ಮು ತೆಗೆದಿದ್ದರೆ ಮುಖಕ್ಕೆ ಎಸೆಯುತ್ತಿದ್ದ. ಮೊಮ್ಮಗಳು ಅಂಬೆಗಾಲಿಟ್ಟು ಬಂದು ತೊಡೆ ಹತ್ತಿದಳು. "ಹೋಗೇ ಆಚೆ!" ಎಂದು ಗದರಿದ. ಮಗು ಬಿಕ್ಕಿ ಬಿಕ್ಕಿ ಅತ್ತಿತು.

ಮರುದಿನ ಎರಡನೇ ಕೋಣೆಯ ಸಾಲಿನ ಬಾಲದಲ್ಲಿ ನಿಂತ.

"ಬನ್ನಿ ಅಣ್ಣ. ಗದ್ದ ಮೇಲೆ, ಭುಜ ಮುಂದೆ."

"ನಂಗೇ ಹೇಳ್ಕೊಡ್ತೀಯೇನಮ್ಮ?"

"ನೀವು ಹೇಳೋದನ್ನ ಗೋಡೆಯಾಚೆಯಿಂದ ಕೇಳೇ ಕಲ್ತಿದ್ದು, ಅಣ್ಣ. ಕೂಗೋದೊಂದು ಬಿಟ್ಟು."

ಹಲಗೆ ಬೆಚ್ಚಗಿತ್ತು. ಅದಕ್ಕೂ ಸಿಟ್ಟು ಬಂತು. ಫಿಲ್ಮು ಕೈಗೆ ಬಂದೊಡನೆ ಅವನು ಮೊದಲು ಹುಡುಕಿದ್ದು ರೋಗವನ್ನಲ್ಲ, ಅವಳ ತಪ್ಪನ್ನು. ಮೂಲೆಮೂಲೆ ಜಾಲಾಡಿದ. ಸಿಗಲಿಲ್ಲ. ಆಮೇಲೆ ಕಂಡಿತು, ಬಲಗಡೆ ತುದಿಯಲ್ಲಿ ನಿಂಬೆಕಾಯಷ್ಟು ಬಿಳಿ ಮೋಡ. ಕಫದ ಪರೀಕ್ಷೆಯೂ ಕ್ಷಯವೆಂದೇ ಹೇಳಿತು.

"ಮಾತ್ರೆ ಬಿಡದೆ ತಗೊಂಡ್ರೆ ವಾಸಿಯಾಗತ್ತೆ" ಎಂದರು ಡಾಕ್ಟರಮ್ಮ. "ಈಗ ರಜೆ ಹಾಕಿ. ನಾಳೆ ಮಗೂನೂ ತೋರಿಸ್ಬೇಕು."

"ನನ್ನ ಕೋಣೆ?"

"ಅವಳು ನೋಡ್ಕೊಳ್ತಾಳೆ ಬಿಡಿ."

ಮರುದಿನ ಹೆಂಡತಿ ಮಗುವನ್ನೆತ್ತಿಕೊಂಡು ಎರಡನೇ ಕೋಣೆಯೊಳಗೆ ಹೋದಳು. ಉಸಿರಣ್ಣ ಮುಖಕ್ಕೆ ಮಾಸ್ಕು ಕಟ್ಟಿಕೊಂಡು ಅಂಗಳದಲ್ಲಿ ನಿಂತ. ಈ ಮಗು ಹೊಸ ಮುಖ ಕಂಡರೆ ಅತ್ತು ಬೀದಿ ಒಂದು ಮಾಡುತ್ತದೆ. ಕಿವಿಗೊಟ್ಟು ಕಾದ. ಸದ್ದೇ ಇಲ್ಲ.

ಕೊನೆಗೆ ಹೆಂಡತಿ ನಗುತ್ತಾ ಹೊರಬಂದಳು. "ಡಾಕ್ಟರಮ್ಮ ನೋಡಿದ್ರು ಕಣ್ರೀ. ಎದೇಲಿ ಏನೂ ಇಲ್ವಂತೆ! ಮಾತ್ರೆ ಮಾತ್ರ ಮಗೂಗೂ ಕೊಡ್ಬೇಕಂತೆ, ಮುಂಜಾಗ್ರತೆಗೆ."

ಹಿಡಿದಿದ್ದ ಉಸಿರನ್ನು ಬಿಟ್ಟು ಅವನು ಕಟ್ಟೆಯ ಮೇಲೆ ಕೂತ. ಆಮೇಲೆ ಕೇಳಿದ:

"ಅಳಲಿಲ್ವಾ?"

"ಇಲ್ಲ."

"ಒಂಚೂರೂ?"