ಒಳ್ಳೆಯವರ ಹಳ್ಳಿ

ಏಸಿಯ ಗಾಳಿಗೆ ಪುಟ ಹಾರದಂತೆ ಟೀಚರ್ ಪುಸ್ತಕಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸುತ್ತಿದ್ದರು. ಅದು ನೀಲಿ ಬಣ್ಣದ್ದೆಂದು ನನ್ನ ನೆನಪು, ಹಸಿರೂ ಇದ್ದಿರಬಹುದು. ಇಲ್ಲಿ ಇಂಥ ತಪ್ಪುಗಳು ಇನ್ನೂ ಇರಬಹುದು. ಹೆದರಿ ನೋಡಿದ್ದನ್ನು ನಾನು ಎಷ್ಟು ಸರಿಯಾಗಿ ನೋಡಿದ್ದೆನೋ ಗೊತ್ತಿಲ್ಲ. ಜೂನ್ ತಿಂಗಳಲ್ಲೂ ಅವರು ತೀರಿಹೋದ ಗಂಡನ ಬೂದು ಸ್ವೆಟರ್ ಹಾಕಿಕೊಂಡಿರುತ್ತಿದ್ದರು ಎಂಬುದಂತೂ ಖಂಡಿತ.

ಕುವೈತಿನ ಅಬ್ಬಾಸಿಯಾದಲ್ಲಿ ಅವರದು ನಮ್ಮ ಎದುರಿನ ಫ್ಲಾಟ್. ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ನರು, ಒಬ್ಬರೇ ಇದ್ದರು. ಹಗಲು ಶಾಲೆಯಲ್ಲಿ ಇಂಗ್ಲಿಷ್ ಪಾಠ, ಸಂಜೆ ನಮ್ಮಂಥವರಿಗೆ ಟ್ಯೂಶನ್. ಪ್ರತಿ ಶುಕ್ರವಾರ ಅಮ್ಮ ನನ್ನ ಕೈಯಲ್ಲಿ ಅವರಿಗೆ ನೀರುದೋಸೆ, ಚಟ್ನಿ ಕಳಿಸುತ್ತಿದ್ದಳು. ಟೀಚರಿಗೆ ಖಾರ ಆಗುತ್ತಿರಲಿಲ್ಲ. ದೋಸೆಯನ್ನು ಸಕ್ಕರೆಯಲ್ಲಿ ತಿಂದು, ಚಟ್ನಿಯನ್ನು ಹಾಗೇ ಹಿಂದಕ್ಕೆ ಕೊಡುತ್ತಿದ್ದರು. ದೋಸೆಯ ಡಬ್ಬಿಯಲ್ಲಿ ಮಾತ್ರ ನಾಲ್ಕು ಖರ್ಜೂರ ಇರುತ್ತಿದ್ದವು. “ಖಾಲಿ ಪಾತ್ರೆ ಕೊಡ್ಲಿಕ್ಕೆ ಮನಸ್ಸು ಬರುವುದಿಲ್ಲ” ಎನ್ನುತ್ತಿದ್ದರು. ಚಟ್ನಿ ಕಳಿಸುವುದನ್ನು ಅಮ್ಮ ಬಿಡಲಿಲ್ಲ, ಅವರು ಹಿಂದಿರುಗಿಸುವುದನ್ನೂ ಬಿಡಲಿಲ್ಲ.

ಅವರು ಸದಾ ಹೊಗಳುತ್ತಿದ್ದುದು ಒಂದೇ ಕಾದಂಬರಿಯನ್ನು. ವಿಕ್ಟೋರಿಯಾ ರಾಣಿಯ ಕಾಲದ, ಇಂಗ್ಲೆಂಡಿನ ಒಂದು ಹಳ್ಳಿಯ ಕತೆ. ಒಮ್ಮೆ ಕಟ್ಟಡದ ಹೆಂಗಸರೆಲ್ಲ ನಮ್ಮ ಮನೆಯಲ್ಲಿ ಸೇರಿದ್ದಾಗ ಟೀಚರ್ ಅದರ ಬಗ್ಗೆ ಮಾತಾಡಿದರು.

ಅಮ್ಮ ನಗುತ್ತ ಕೇಳಿದಳು, “ಇಷ್ಟು ಹೊಗಳ್ತೀರಲ್ಲ ಟೀಚರ್, ಅದರಲ್ಲಿ ಅಂಥದ್ದು ಎಂತ ಉಂಟು? ದನ, ಹುಲ್ಲು, ಬೆಣ್ಣೆ ನಮ್ಮ ಪುತ್ತೂರಿನಲ್ಲೂ ಉಂಟು.”

“ಎಲ್ಲ ವಿಮರ್ಶಕರೂ ಆ ಬೆಣ್ಣೆಯನ್ನೇ ಹೊಗಳಿದ್ದು ಮಾರಾಯ್ತಿ. ಹಳ್ಳಿಯನ್ನು ಎಷ್ಟು ಚೆಂದ ತೋರಿಸಿದ್ದಾರೆ ಅಂತ. ನಾನು ಹೊಗಳುವುದು ಬೇರೆ ಕಾರಣಕ್ಕೆ. ಅಲ್ಲಿಯವರು ಎಲ್ಲರೂ ಒಳ್ಳೆಯವರು. ಓದುತ್ತಾ ಓದುತ್ತಾ ನಮಗೂ ಅವರ ಮೇಲೆ ಪ್ರೀತಿ ಹುಟ್ತದೆ. ಆಮೇಲೆ ಹಾಲು ಕರೆಯುವ ಹುಡುಗಿಯೊಬ್ಬಳು ಮದುವೆಯಿಲ್ಲದೆ ಬಸುರಿಯಾಗ್ತಾಳೆ. ಎಲ್ಲರಿಗೂ ಗೊತ್ತಾಗ್ತದೆ. ಒಬ್ಬರೂ ಬಾಗಿಲು ತೆರೆಯುವುದಿಲ್ಲ. ಕೆಟ್ಟವರನ್ನು ನೋಡಿ ಹೆದರುವ ಹಾಗೆ ಯಾರೂ ಬರೀಬಹುದು. ಒಳ್ಳೆಯವರನ್ನು ನೋಡಿ ಹೆದರುವ ಹಾಗೆ ಬರೆದದ್ದು ಇದೊಂದೇ.”

ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ಪಾಪ, ಒಬ್ಬರಾದರೂ ಅವಳನ್ನು ಒಳಗೆ ಕರೀಬಾರದಿತ್ತಾ?” ಎಂದಳು. ಈ ಮಾತು ನನಗೆ ಸ್ಪಷ್ಟವಾಗಿ ನೆನಪಿದೆ. ಅಥವಾ ಆಮೇಲೆ ನಡೆದುದರಿಂದ ಸ್ಪಷ್ಟವಾಯಿತೋ ಏನೋ.

ಕೆಲವು ವಾರಗಳ ನಂತರದ ಒಂದು ಶುಕ್ರವಾರ ದೋಸೆ ಕೊಡಲು ಹೋದಾಗ ಟೀಚರ್ ಅರ್ಧ ಬಾಗಿಲು ಮಾತ್ರ ತೆರೆದರು. ಅವರ ಹಿಂದೆ, ಒಳಕೋಣೆಯಲ್ಲಿ ಹುಡುಗಿಯೊಬ್ಬಳು ನೆಲದಲ್ಲಿ ಕುಳಿತಿದ್ದಳು. ನನಗಿಂತ ಸ್ವಲ್ಪ ದೊಡ್ಡವಳಿರಬಹುದು. ಬಸುರಿಯ ಹೊಟ್ಟೆ ಎದ್ದು ಕಾಣುತ್ತಿತ್ತು.

“ಎಂತ ಕಂಡೆ?”

“ಏನೂ ಇಲ್ಲ ಟೀಚರ್.”

“ಸುಳ್ಳು ಬೇಡ. ಕಂಡೆ ಅಂತ ಹೇಳು, ನನ್ನ ಹತ್ತಿರ ಮಾತ್ರ.” ನನ್ನನ್ನು ಒಳಗೆಳೆದು ಚಿಲಕ ಹಾಕಿದರು. ಕಡಪದ ಕಡೆಯವಳು, ಮನೆಗೆಲಸಕ್ಕಿದ್ದ ಮನೆಯಿಂದ ಓಡಿ ಬಂದಿದ್ದಾಳೆ, ವೀಸಾ ಕೊಟ್ಟು ಕರೆಸಿಕೊಂಡ ಯಜಮಾನ, ಅವಳ ಕಫೀಲ್, ದೂರು ಕೊಟ್ಟಿರುತ್ತಾನೆ ಎಂದರು. “ಆದಿತ್ಯವಾರ ಎಂಬೆಸಿ ತೆರೀತದೆ. ಅಲ್ಲಿಗೆ ಮುಟ್ಟಿಸಿದರೆ ಊರಿಗೆ ಹೋಗ್ತಾಳೆ. ಅದಕ್ಕೆ ಮೊದಲು ಸಿಕ್ಕಿಬಿದ್ದರೆ ಜೈಲಿನಲ್ಲಿ ಹೆರಬೇಕು.”

“ನಿಮಗೆ ಏನಾಗ್ತದೆ ಟೀಚರ್?”

“ನನ್ನದು ಖಲಾಸ್” ಎಂದು ನಕ್ಕರು. ಆದರೆ ಅವರ ಕೈ ಸ್ವೆಟರಿನ ತೋಳನ್ನು ಎಳೆಯುತ್ತಲೇ ಇತ್ತು. ಅವರು ಹೆದರಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಆ ಹೊತ್ತಿನಿಂದ ಲಿಫ್ಟಿನ ಬಾಗಿಲು ತೆರೆದ ಸದ್ದಾದರೆ ಹೆಜ್ಜೆಗಳು ಯಾವ ಬಾಗಿಲಿಗೆ ಹೋಗುತ್ತವೆಂದು ಕಿವಿಗೊಡುತ್ತಿದ್ದೆ. ಬಸ್ ಸ್ಟಾಪಿನಲ್ಲೇ ಇಕಾಮಾ, ಅಂದರೆ ವಾಸದ ಪರವಾನಗಿ, ಕೇಳಿ, ಇಲ್ಲದವರನ್ನು ಪೊಲೀಸರು ಒಯ್ಯುತ್ತಿದ್ದ ವಾರ ಅದು. ಸಂಜೆ ಟೀಚರ್ ಡಬ್ಬಿಗಳನ್ನು ಕೊಟ್ಟರು, ಎಂದಿನಂತೆ ಖರ್ಜೂರ ಹಾಕಿ. ನಾನು ತಂದು ಅಮ್ಮನಿಗೆ ಕೊಟ್ಟೆ. ಅಮ್ಮ ಚಟ್ನಿಯ ಡಬ್ಬಿ ತೆರೆದು ನೋಡಿದಳು. ಚಟ್ನಿ ಖಾಲಿ, ಡಬ್ಬಿ ತೊಳೆದು ಒರೆಸಿಟ್ಟಿತ್ತು.

“ಇದೆಂತ, ಟೀಚರ್ ಇವತ್ತು ಚಟ್ನಿ ತಿಂದಿದ್ದಾರೆ” ಎಂದಳು ಅಮ್ಮ. ಆಮೇಲೆ ಡಬ್ಬಿಯನ್ನು ಕೆಳಗಿಟ್ಟು, “ಯಾರು ಬಂದಿದ್ದಾರೆ ಅವರಲ್ಲಿಗೆ?” ಎಂದಳು. ನಾನು ಗೊತ್ತಿಲ್ಲವೆಂದೆ. ಅಪ್ಪನ ಇಕಾಮಾ ನವೀಕರಣಕ್ಕೆ ಹೋಗಿತ್ತು, ಪೊಲೀಸರು ನಮ್ಮ ಬಾಗಿಲು ತಟ್ಟಿದರೆ ತೋರಿಸಲು ಕಾಗದವಿರಲಿಲ್ಲ. ಅಮ್ಮ ಎದುರಿನ ಬಾಗಿಲನ್ನು ಪೀಪ್‌ಹೋಲಿನಿಂದ ತುಂಬ ಹೊತ್ತು ನೋಡುತ್ತ ನಿಂತಳು.

ಶನಿವಾರ ಬೆಳಿಗ್ಗೆ ಅಮ್ಮ ಕೆಳಗೆ, ಕಟ್ಟಡ ಕಾಯುವ ಹಾರಿಸನ ಜೊತೆ ಮಾತಾಡುತ್ತ ನಿಂತದ್ದನ್ನು ಕಿಟಕಿಯಿಂದ ನೋಡಿದೆ. ಅದೇ ಶನಿವಾರವೇ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ನೀರು ಬರುತ್ತಿಲ್ಲವೆಂದು ದೂರು ಹೇಳುತ್ತಿದ್ದಿರಬಹುದು. ಆ ದಿನ ನೀರು ಬರುತ್ತಿತ್ತೇ ಎಂಬುದು ನೆನಪಿಲ್ಲ.

ಮಧ್ಯಾಹ್ನ ಪೊಲೀಸರು ಬಂದರು. ಅಮ್ಮ ನನ್ನ ಭುಜ ಹಿಡಿದು, ಬಾಗಿಲು ತೆರೆಯಲು ಬಿಡಲಿಲ್ಲ. ಪೀಪ್‌ಹೋಲಿನಲ್ಲಿ ಕಂಡದ್ದು ಬೂದು ಸ್ವೆಟರಿನ ಬೆನ್ನು ಮಾತ್ರ. ಅದು ಹುಡುಗಿಯ ಬೆನ್ನು, ಟೀಚರ್ ಸ್ವೆಟರ್ ಬಿಚ್ಚಿ ಅವಳಿಗೆ ಹೊದಿಸಿದ್ದರು. ಹುಡುಗಿಯ ಸುದ್ದಿ ಮುಂದೆ ಯಾರಿಗೂ ತಿಳಿಯಲಿಲ್ಲ. ಟೀಚರನ್ನು ಕೆಲವು ವಾರ ಇಟ್ಟುಕೊಂಡು, ಮತ್ತೆ ಬಾರದಂತೆ ಬೆರಳಚ್ಚು ತೆಗೆದು ವಿಮಾನ ಹತ್ತಿಸಿದರಂತೆ.

ನಾನು ಊರಿಗೆ ಹೋಗಿ ಎಂಎ ಓದಿದೆ. ಆ ಕಾದಂಬರಿ ಪಠ್ಯವಾಗಿತ್ತು. ತರಗತಿಯಲ್ಲಿ ಎಲ್ಲರೂ ಹಳ್ಳಿಯ ವರ್ಣನೆಯನ್ನು ಹೊಗಳಿದರು. ನಾನು ಟೀಚರ್ ಹೇಳಿದ್ದನ್ನೇ ಬರೆದು ಒಳ್ಳೆಯ ಅಂಕ ಪಡೆದೆ. ಅವರು ಮಂಗಳೂರಿನಲ್ಲೇ ಇದ್ದರೂ ಹೋಗಿ ನೋಡುವ ಧೈರ್ಯ ಬರಲಿಲ್ಲ. ಪೊಲೀಸರಿಗೆ ಸುದ್ದಿ ಮುಟ್ಟಿಸಿದ್ದು ಯಾರೆಂದು ಅವರಿಗೆ ಗೊತ್ತಿದ್ದರೆ, ಅವರ ಮುಖದಲ್ಲಿ ಅದು ಕಂಡುಬಿಟ್ಟರೆ ಎಂಬ ಹೆದರಿಕೆ.

ಈಗ ನಾನೂ ಕುವೈತಿನಲ್ಲೇ ಕೆಲಸ ಮಾಡುತ್ತೇನೆ. ರಿಗ್ಗೈಯಲ್ಲಿ ಅಪ್ಪ ಅಮ್ಮನ ಜೊತೆ ಇದ್ದೇನೆ. ಹೋದ ತಿಂಗಳು ಟೀಚರ್ ತೀರಿಕೊಂಡ ಸುದ್ದಿ ವಾಟ್ಸಾಪಿನಲ್ಲಿ ಬಂತು. ಅಮ್ಮ ದೋಸೆ ಹೊಯ್ಯುವುದನ್ನು ನಿಲ್ಲಿಸಿ ಅತ್ತಳು. ನಿಜವಾಗಿಯೇ ಅತ್ತಳು. ಆಗ ನಾನು ಒಂದು ಮಾತು ಕೇಳಿದೆ, ಅವಳು ಕಾವಲಿಗೆ ಮತ್ತೊಂದು ದೋಸೆ ಹೊಯ್ದಳು.

“ಅಮ್ಮಾ, ಆ ಶನಿವಾರ ಹಾರಿಸನ ಹತ್ತಿರ ನೀನು ಎಂತ ಹೇಳಿದ್ದು?”