ಕಾಂಪೌಂಡರು ಕೇಳಿದ ಕಾಳು

ಅವರ ಬಲಗೈ ಹೆಬ್ಬೆರಳಿನ ಉಗುರು ಸದಾ ನೇರಳೆ ಬಣ್ಣದ್ದಾಗಿರುತ್ತಿತ್ತು. ಗಾಯಕ್ಕೆ ಹಚ್ಚುವ ನೇರಳೆ ಔಷಧಿಯನ್ನು ವರ್ಷಗಟ್ಟಲೆ ಕಲಸಿದ ಗುರುತು ಅದು. ಸೋಪಿಗೂ ಜಗ್ಗದು, ಸೀಗೆಪುಡಿಗೂ ಜಗ್ಗದು. ಆ ಹೆಬ್ಬೆರಳನ್ನು ಕತ್ತರಿಗೆ ತೂರಿಸಿ, ಮಡಚಿದ ಕಾಗದದ ಅಂಚನ್ನು ಕಚಕಚನೆ ಕತ್ತರಿಸಿ ಬಿಡಿಸಿದರೆ ಪಟ್ಟಿಯುದ್ದಕ್ಕೂ ಸಮ ಅಂತರದ ಹಲ್ಲುಗಳು ಮೂಡುತ್ತಿದ್ದವು. ಆ ಪಟ್ಟಿಯನ್ನು ಮಿಕ್ಸ್ಚರ್ ಬಾಟಲಿಯ ಮೈಗೆ ಅಂಟಿಸಿ, ಹೊತ್ತಿಗೆ ಒಂದು ಹಲ್ಲಿನಷ್ಟು ಕುಡಿಯಿರಿ ಎಂದು ಹೇಳಿ ಕೊಡುತ್ತಿದ್ದರು. "ಅಳತೆ ಇಲ್ದಿದ್ರೆ ಅದು ಔಷಧಿ ಅಲ್ಲಮ್ಮ, ಬರೀ ಆಸೆ" ಎಂಬುದು ಅವರ ಮಾತು.

ಯಶವಂತಪುರದಲ್ಲಿ, ರೈಲ್ವೆ ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ, ಅವರದೊಂದು ಕಿರಿದಾದ ಔಷಧಿ ಅಂಗಡಿಯಿತ್ತು. ಅದಕ್ಕೂ ಮೊದಲು ಆಸ್ಪತ್ರೆಯೊಂದರಲ್ಲಿ ಕಾಂಪೌಂಡರ್ ಆಗಿದ್ದರಂತೆ. ನಿವೃತ್ತಿಯಾದದ್ದು ಕೆಲಸಕ್ಕೇ ಹೊರತು ಹೆಸರಿಗಲ್ಲ. ಇಡೀ ಬೀದಿಗೆ ಅವರು ಕಾಂಪೌಂಡರು, ನನಗೆ ಕಾಂಪೌಂಡರ್ ಮಾಮ. ಔಷಧಿ ಮಾರುವವರೇ ಔಷಧಿ ಬೇಡವೆನ್ನುವುದನ್ನು ನಾನು ಕಂಡದ್ದು ಅಲ್ಲೊಂದೇ ಕಡೆ. ಬಾಣಂತಿಗೆ ಟಾನಿಕ್ ಕೇಳಿಕೊಂಡು ಬಂದವರನ್ನು ಮೊಟ್ಟೆ ಕೊಳ್ಳಿ ಎಂದು ಎದುರಂಗಡಿಗೆ ಕಳಿಸುತ್ತಿದ್ದರು. ಕಂಪನಿಯ ಪ್ರತಿನಿಧಿಗಳು ಟೈ ಕಟ್ಟಿಕೊಂಡು ಬಂದರೆ ಕಾಫಿ ತರಿಸಿ ಕೊಟ್ಟು, ಅವರ ಹೊಸ ಬಾಟಲಿಯನ್ನು ಬೆಳಕಿಗೆ ಹಿಡಿದು, "ಇದ್ರಲ್ಲಿರೋದು ಸಕ್ಕರೆ ಪಾಕ, ಬಣ್ಣ, ಆಮೇಲೆ ನಿಮ್ಮ ಬಸ್ ಚಾರ್ಜು" ಎನ್ನುತ್ತಿದ್ದರು. ಪ್ರತಿನಿಧಿಗಳೂ ನಗುತ್ತಿದ್ದರು. ಅವರು ಬಿಟ್ಟುಹೋದ ಕ್ಯಾಲೆಂಡರುಗಳ ಬೆನ್ನ ಮೇಲೆ ನಾನು ನನ್ನ ಚರ್ಚಾಸ್ಪರ್ಧೆಯ ಭಾಷಣಗಳನ್ನು ಬರೆಯುತ್ತಿದ್ದೆ.

ಆಗ ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ, ನಾನು ಬಿ.ಎ. ಓದುತ್ತಿದ್ದೆ. ಜಗತ್ತನ್ನು ತಿದ್ದಲು ಬೇಕಾದದ್ದು ಎಂಟು ನಿಮಿಷ ಮತ್ತು ಒಂದು ಮೈಕು ಎಂದು ನಾನು ನಂಬಿದ್ದೆ. ಔಷಧ ಕಂಪನಿಗಳು ಬಡವರ ರೋಗವನ್ನೇ ಬಂಡವಾಳ ಮಾಡಿಕೊಂಡಿವೆ ಎಂಬ ವಿಷಯದ ಮೇಲೆ ಮಾತಾಡಿ ನಾನು ಶೀಲ್ಡ್ ಗೆದ್ದಾಗ, ನನ್ನ ಮೊನಚಾದ ಉದಾಹರಣೆಗಳೆಲ್ಲ ಅವರ ಕಪಾಟಿನಿಂದ ಎರವಲು ತಂದವು. ಒಂದೇ ಮಾತ್ರೆ ಮೂರು ಹೆಸರು ಹೊತ್ತು ಮೂರು ಬೆಲೆಗೆ ಮಾರಾಟವಾಗುವುದನ್ನು ತೋರಿಸಿಕೊಟ್ಟವರು ಅವರೇ. ಶೀಲ್ಡನ್ನು ಮೊದಲು ಒಯ್ದು ಇಟ್ಟದ್ದೂ ಅವರ ಗಲ್ಲಾಪೆಟ್ಟಿಗೆಯ ಮೇಲೆಯೇ. "ಏನಮ್ಮ ಭಾಷಣಗಾರ್ತಿ, ಎದುರು ಪಾರ್ಟಿಯವ್ರು ಬದುಕಿದಾರಾ?" ಎಂದು ಕೇಳಿ ಪೆಪ್ಪರ್‌ಮೆಂಟು ಕೊಟ್ಟರು.

ಆ ವರ್ಷವೇ ನನ್ನ ಸೋದರತ್ತೆಯ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು.

ತಾಯಿಯಿಲ್ಲದ ನನ್ನನ್ನು ಬೆಳೆಸಿದವಳು ಆಕೆ. ಮಂಡಿಯಿಂದ ಬರುವ ಕಾಳುಗಳನ್ನು ಮನೆಯಲ್ಲೇ ಕೇರಿ, ಆರಿಸಿ, ಚೀಲ ತುಂಬಿ ಹಿಂತಿರುಗಿಸುವುದು ಆಕೆಯ ಜೀವನೋಪಾಯ. ಮೊರದ ಮೇಲೆ ಬೆರಳಾಡಿಸುತ್ತ ಕಣ್ಣು ಮುಚ್ಚಿಕೊಂಡೇ ಕಲ್ಲು, ಕಡ್ಡಿ, ಹುಳುಕು ಕಾಳನ್ನು ಹೆಕ್ಕಿ ಎಸೆಯುತ್ತಿದ್ದಳು. ಅತ್ತೆ ಆರಿಸಿದ ಚೀಲವನ್ನು ಮಂಡಿಯವರು ಬಿಚ್ಚಿ ನೋಡುತ್ತಿರಲಿಲ್ಲ.

ದೊಡ್ಡಾಸ್ಪತ್ರೆಯ ಡಾಕ್ಟರು ಪರೀಕ್ಷೆ ಮಾಡಿಸಿ, ಇದು ಕ್ಯಾನ್ಸರ್, ಇನ್ನೂ ಚಿಕ್ಕದಿದೆ, ಬೇಗ ಆಪರೇಷನ್ ಮಾಡಿಸಿ ಎಂದರು. ಅತ್ತೆ ಹೆದರಿದ್ದಳು. ಹೆದರಿದವಳ ಮುಂದೆ ನಾನು ಭಾಷಣ ಮಾಡಿದೆ. ಕತ್ತರಿಸುವುದು, ಸುಡುವುದು, ವಿಷ ಚುಚ್ಚುವುದು, ಇವೆಲ್ಲ ಕಂಪನಿಗಳ ವ್ಯಾಪಾರವೆಂದೆ. ನಮ್ಮ ನೆಲದ ಬೇರುನಾರುಗಳನ್ನು ಅವು ಬೇಕೆಂದೇ ತುಳಿದಿವೆಯೆಂದೆ. ನನ್ನ ಮಾತಿಗೆ ಎದುರಾಡಬಲ್ಲವರು ಮನೆಯಲ್ಲಿ ಯಾರೂ ಇರಲಿಲ್ಲ. ಮಾರನೆಯ ದಿನವೇ ಇಬ್ಬರೂ ಬಸ್ಸು ಹತ್ತಿ ಯಲಹಂಕದಾಚೆಯ ಹಳ್ಳಿಯೊಂದರ ನಾಟಿ ವೈದ್ಯರ ಬಳಿಗೆ ಹೋದೆವು. ಅವರು ಮೋಸಗಾರರಲ್ಲ, ಕಾಣಿಕೆಯೆಂದು ಎಲೆ, ಅಡಿಕೆ, ತೆಂಗಿನಕಾಯಿ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಪುಡಿಯ ಪೊಟ್ಟಣ ಕೊಟ್ಟು, "ಇಂಗೇ ನಲವತ್ತೆಂಟು ದಿನ ತಗಳವ್ವ, ಕರಗೋಯ್ತದೆ" ಎಂದರು.

ಸುದ್ದಿ ಕೇಳಿದ ಕಾಂಪೌಂಡರು ಆ ಸಂಜೆ ಅಂಗಡಿ ಮುಚ್ಚಿ ನೇರ ನಮ್ಮ ಮನೆಗೆ ಬಂದರು. ನಾಳೆಯೇ ಆಸ್ಪತ್ರೆಗೆ ಹೊರಡಿ ಎಂದು ಅತ್ತೆಯನ್ನು ಬಗೆಬಗೆಯಾಗಿ ಬೇಡಿಕೊಂಡರು. ಅತ್ತೆ ನನ್ನ ಮುಖ ನೋಡಿದಳು. ನೀವೇ ಹೇಳಿಕೊಟ್ಟ ಪಾಠವಲ್ಲವೇ, ಕಂಪನಿಗಳು ಸುಳ್ಳು ಹೇಳುವುದಿಲ್ಲವೇ ಎಂದು ನಾನು ಸವಾಲು ಹಾಕಿದೆ.

"ಹೇಳ್ತಾವೆ ಕಣಮ್ಮ. ಒಬ್ಬ ಸುಳ್ಳು ಹೇಳ್ದ ಅಂದ್ರೆ ಎದುರುಗಡೆಯೋನು ನಿಜ ಹೇಳ್ದ ಅಂತಾನಾ? ನಿಮ್ ಕಾಲೇಜಲ್ಲಿ ಇದನ್ನ ಕಲಿಸ್ಲಿಲ್ವಾ?"

ಸೋಲೊಪ್ಪುವ ಅಭ್ಯಾಸ ನನಗಿರಲಿಲ್ಲ. ಅವರು ಅತ್ತೆಯ ಕಡೆಗೆ ತಿರುಗಿ, ಗಂಟು ಎಷ್ಟು ದೊಡ್ಡದಿದೆ ತಾಯಿ ಎಂದು ಕೇಳಿದರು. ಕಡಲೆಕಾಳಿನಷ್ಟು ಎಂದಳು ಅತ್ತೆ, ಒಂದಿಷ್ಟೂ ಯೋಚಿಸದೆ. ಅವರ ಕಣ್ಣು ಮಿನುಗಿತು. ಒಂದು ಒಪ್ಪಂದವಾಯಿತು. ನಲವತ್ತೆಂಟು ದಿನವಲ್ಲ, ಮೂರೇ ಶುಕ್ರವಾರ. ಪ್ರತಿ ಶುಕ್ರವಾರ ಎಣ್ಣೆಸ್ನಾನದ ಹೊತ್ತಿಗೆ ಅತ್ತೆ ಗಂಟನ್ನು ಮುಟ್ಟಿ ನೋಡಿ, ಅದಕ್ಕೆ ಸಮನಾದ ಕಾಳನ್ನು ಪೊಟ್ಟಣ ಕಟ್ಟಿ ನನ್ನ ಕೈಯಲ್ಲಿ ಅಂಗಡಿಗೆ ಕಳಿಸಬೇಕು. "ಕಾಳು ಚಿಕ್ಕದಾದ್ರೆ ಆ ಪುಡೀನ ನನ್ನಂಗಡೀಲೇ ಮಾರ್ತೀನಿ, ಬೋರ್ಡ್ ಬರ್ಸಿ. ದೊಡ್ಡದಾದ್ರೆ ಆಸ್ಪತ್ರೆ. ಭಾಷಣ ಯಾರದೂ ಬೇಡ, ನಂದೂ ಬೇಡ."

ಮೊದಲ ಶುಕ್ರವಾರ ಕಡಲೆಕಾಳು ಹೋಯಿತು. ಎರಡನೆಯ ವಾರದ್ದೂ ಕಡಲೆಯೇ, ಆದರೆ ನೆನೆಸಿದ ಕಡಲೆ. ನೆನೆಸಿದ್ದೆಂದರೆ ದೊಡ್ಡದಾಯಿತೆಂದೇ ಅರ್ಥವಲ್ಲವೆಂದು ನಾನು ವಾದಿಸಿದೆ. ಅವರು ಎರಡನ್ನೂ ಒಂದು ಗಾಜಿನ ಶೀಶೆಗೆ ಹಾಕಿಟ್ಟರು.

ಮೂರನೆಯ ಶುಕ್ರವಾರ ದಾರಿಯಲ್ಲಿ ಪೊಟ್ಟಣ ಬಿಚ್ಚಿ ನೋಡಿದೆ. ಅವರೆಕಾಳು.

ಮಂಡಿಯ ಮುಂದೆ ನಿಂತೆ. ಲಾರಿಯಿಂದಿಳಿಸಿದ ಚೀಲದಿಂದ ಸೋರಿದ ಕಡಲೆ ರಸ್ತೆಯ ಅಂಚಿನಲ್ಲಿ ಚೆಲ್ಲಿತ್ತು. ನಲವತ್ತೆಂಟು ದಿನವಾಗುವವರೆಗೆ ಯಾವ ತೀರ್ಮಾನವೂ ನ್ಯಾಯವಲ್ಲವೆಂದು ನನಗೆ ನಾನೇ ವಾದ ಮಂಡಿಸಿದೆ, ಗೆದ್ದೆ ಕೂಡ. ಅವರೆಕಾಳನ್ನು ಚರಂಡಿಗೆಸೆದು, ನೆಲದಿಂದ ಒಂದು ಕಡಲೆ ಹೆಕ್ಕಿ ಪೊಟ್ಟಣದಲ್ಲಿಟ್ಟೆ. ನನ್ನ ಬದುಕಿನಲ್ಲಿ ನಾನು ಗೆದ್ದ ಅತ್ಯಂತ ನೀಚ ವಾದ ಅದು.

ಕಾಂಪೌಂಡರು ಆ ಕಾಳನ್ನು ಅಂಗೈಯಲ್ಲಿಟ್ಟುಕೊಂಡು, ನೇರಳೆ ಉಗುರಿನಿಂದ ಹೊರಳಿಸಿದರು. ಅದರ ಮಗ್ಗುಲಲ್ಲಿ ಸೂಜಿಮೊನೆಯಷ್ಟು ತೂತು. ಹುಳುಕು.

"ಇದು ನಿಮ್ಮತ್ತೆ ಆರಿಸಿದ್ ಕಾಳಲ್ಲ" ಎಂದರು, ಮೆಲ್ಲಗೆ.

ನಾನು ಗಲ್ಲಾಪೆಟ್ಟಿಗೆಗೆ ಹಣೆಯಿಟ್ಟು, ಅವರೆಕಾಳನ್ನು ಎಸೆದದ್ದನ್ನು ಹೇಳಿ ಅತ್ತುಬಿಟ್ಟೆ. ಅವರು ಬೈಯಲಿಲ್ಲ. ಕುಡಿಯಲು ನೀರು ಕೊಟ್ಟು, ನಾನು ಮುಗಿಸುವವರೆಗೂ ಕಾಗದದ ಪಟ್ಟಿ ಕತ್ತರಿಸುತ್ತ ಕುಳಿತಿದ್ದರು. ಆಮೇಲೆ, "ಕಾಲೇಜಲ್ಲಿ ಸೋತ್ರೆ ಶೀಲ್ಡ್ ಹೋಗುತ್ತೆ, ಅಷ್ಟೆ. ಇಲ್ಲಿ ನೀನು ಸೋಲ್ಬೇಕು ಕಣಮ್ಮ, ಅತ್ತೆ ಗೆಲ್ಬೇಕಂದ್ರೆ" ಎಂದರು. ಬಂದದ್ದು ಅವರೆಕಾಳೆಂದು ಅತ್ತೆಗೆ ಹೇಳಿ ಕಳಿಸಿದರು. ಉಳಿದದ್ದನ್ನು ಯಾರಿಗೂ ಹೇಳಲಿಲ್ಲ.

ಮುಂದಿನ ವಾರವೇ ಆಪರೇಷನ್ ಆಯಿತು. ಆಮೇಲೆ ಕೊಡಬೇಕಿದ್ದ ಚುಚ್ಚುಮದ್ದು ಎಲ್ಲಿಯೂ ಸಿಗದಿದ್ದಾಗ, ಬಸ್ಸಿನಿಂದ ಬಸ್ಸಿಗೆ ಹತ್ತಿಳಿದು ಊರೆಲ್ಲ ಹುಡುಕಿ ತಂದವರು ಕಾಂಪೌಂಡರೇ. ಅತ್ತೆಯ ಮಂಚದ ಪಕ್ಕ ಕುಳಿತು, ಆ ಕಂಪನಿಯವನನ್ನು ದಾರಿಯುದ್ದಕ್ಕೂ ಬೈದುಕೊಂಡೇ ಬಂದೆ ತಾಯಿ, ಪುಣ್ಯಕ್ಕೆ ಮದ್ದಿಗೆ ಕಿವಿಯಿಲ್ಲ ಎಂದರು. ಹೊಲಿಗೆ ನೋಯುತ್ತದೆ, ನಗಿಸಬೇಡಿ ಎಂದು ಅತ್ತೆ ಗೋಗರೆದಳು. ನರ್ಸು ಬಂದು ಅವರನ್ನು ಹೊರಗೆ ಕಳಿಸಬೇಕಾಯಿತು.

ಅತ್ತೆ ಚೇತರಿಸಿಕೊಂಡ ಮೇಲೆ ಅವರು ನನ್ನನ್ನೂ ಕರೆದುಕೊಂಡು ನಾಟಿ ವೈದ್ಯರ ಹಳ್ಳಿಗೆ ಹೋದರು. ಜಗಳವನ್ನು ನಿರೀಕ್ಷಿಸಿದ್ದ ನನಗೆ ನಿರಾಶೆಯಾಯಿತು. ಇಬ್ಬರು ಮುದುಕರೂ ಜಗಲಿಯ ಮೇಲೆ ಕುಳಿತು ಎಲೆಯಡಿಕೆ ಹಾಕಿಕೊಂಡರು; ಕಾಂಪೌಂಡರು ಶೀಶೆಯಿಂದ ಕಾಳುಗಳನ್ನು ಒಂದೊಂದಾಗಿ ತೆಗೆದು, ಕೊನೆಗೆ ಒಂದು ಅವರೆಯನ್ನೂ ಇಟ್ಟು, ಗಂಟು ವಾರವಾರ ಬೆಳೆದ ಬಗೆಯನ್ನು ಹೇಳಿದರು. ವೈದ್ಯರು ಕಾಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಇನ್ನು ಗಂಟಿನವರು ಬಂದರೆ ನಿಮ್ಮಲ್ಲಿಗೇ ಕಳಿಸುತ್ತೇನೆ ಎಂದರು. ಕಳಿಸಿದರು ಕೂಡ. ಎಂಬತ್ತರ ದಶಕದುದ್ದಕ್ಕೂ, ಸೆರಗಿನಲ್ಲಿ ಕಾಳು ಕಟ್ಟಿಕೊಂಡ ಹೆಂಗಸರು ಆ ಅಂಗಡಿಯ ಮುಂದೆ ನಿಂತಿರುತ್ತಿದ್ದರು. ಅವರನ್ನು ಆಸ್ಪತ್ರೆಗೆ ಕರೆದೊಯ್ಯುವ ಕೆಲಸವನ್ನು ಕಾಂಪೌಂಡರು ನನಗೆ ವಹಿಸಿದರು. ಔಷಧಿಯ ಬೆಲೆಗಾಗಿ ಕಂಪನಿಗಳೊಡನೆ ನಾನು ನಂತರ ಹೂಡಿದ ಹೋರಾಟಗಳೆಲ್ಲ ಅಲ್ಲಿಂದಲೇ ಶುರುವಾದವು. ಆದರೆ ಅಳೆಯದೆ ಯಾವುದನ್ನೂ ಆಮೇಲೆ ವೇದಿಕೆಯ ಮೇಲೆ ಹೇಳಲಿಲ್ಲ.

ಪ್ರತಿ ಚಳಿಗಾಲ ಅತ್ತೆ ಕಾಂಪೌಂಡರಿಗೆ ಅವರೆಕಾಳಿನ ಉಪ್ಪಿಟ್ಟು ಕಳಿಸುತ್ತಿದ್ದಳು. ಗಂಟು ಚೆನ್ನಾಗಿ ಬೆಂದಿದೆ ಎಂದು ಅವರು ಹೇಳಿ ಕಳಿಸುತ್ತಿದ್ದರು.

ಅವರು ತೀರಿಕೊಂಡದ್ದು ಮಧ್ಯಾಹ್ನದ ಊಟ ಮುಗಿಸಿ ಕುರ್ಚಿಯಲ್ಲಿ ಒರಗಿದ್ದಾಗ, ಕೈಯಲ್ಲಿ ಕತ್ತರಿ ಹಿಡಿದಂತೆಯೇ. ಹದಿಮೂರನೆಯ ದಿನದ ಅಡುಗೆಗೆ ಕಾಳನ್ನು ತಾನೇ ಆರಿಸಿಕೊಡುತ್ತೇನೆಂದು ಅತ್ತೆ ಹಟ ಹಿಡಿದಳು. ಎದುರಿಗೆ ಮೊರ ಹಿಡಿದು ಕುಳಿತಿದ್ದ ನಾನು, ಅಷ್ಟು ವರ್ಷ ಬಚ್ಚಿಟ್ಟಿದ್ದನ್ನು ಹೇಳಿಬಿಟ್ಟೆ. ಅತ್ತೆಯ ಬೆರಳು ನಿಂತಿತು.

"ನಾನು ಆರ್ಸಿದ್ದು ಅಂತ ಹೇಳಿ ಹುಳುಕು ಕಾಳು ಕೊಟ್ಯೇನೇ?" ಎಂದಳು. ಮುಖದಲ್ಲಿ ನಿಜವಾದ ಅವಮಾನವಿತ್ತು. ಆಮೇಲೆ ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. "ಹೋಗ್ಲಿ ಬಿಡು. ಒಳ್ಳೇ ಕಾಳು ನಿನ್ ಕೈಗೆ ಸಿಕ್ಕಿದ್ರೆ ಇವತ್ತು ನಾನೆಲ್ಲಿರ್ತಿದ್ದೆ."

ಸೆರಗಿನಿಂದ ಕಣ್ಣೊರಸಿಕೊಂಡು, ಕಣ್ಣು ಮುಚ್ಚಿ, ಕಾಂಪೌಂಡರ ಪಾಲಿನ ಕಾಳನ್ನು ಮತ್ತೆ ಆರಿಸತೊಡಗಿದಳು.