ತೌಡಿನ ಪರಿಮಳ ಹಿಡಿಯುವ ಅಮೀರ್ ಬೀ

ಬೆಳಗಿನ ಐದೂವರೆ. ರಾಯಚೂರಿನ ಹೊರವಲಯದ ಪ್ರಯೋಗಾಲಯವೊಂದರಲ್ಲಿ ಅಮೀರ್ ಬೀ ಸೆರಗಿಗೆ ಕೈ ಒರೆಸಿಕೊಂಡು, ಗಾಜಿನ ಬುಡ್ಡಿಯ ಹತ್ತಿಬಿರಡೆಯನ್ನು ಅರೆಗಳಿಗೆ ಎತ್ತಿ ಮೂಸುತ್ತಾರೆ. ಕಣ್ಣು ಮುಚ್ಚುತ್ತಾರೆ. ಅಲುಗಾಡುವ ಯಂತ್ರದ ಮೇಲೆ ಇಂಥ ಬುಡ್ಡಿಗಳು ಮೂರೇ ಇವೆ.

"ಲವಂಗದ ವಾಸನಿ ಹೋತು. ಈಗ ಬಿಸ್ಕೂಟಿನ ವಾಸನಿ ತುಂಬಿ ನಿಂತದ. ಇಳಿಸ್ರಿ ಸಾಹೇಬ್ರ."

ಸಂಶೋಧಕ ಅಯ್ಯಣ್ಣ ಗಡಿಯಾರ ನೋಡುತ್ತಾರೆ. ಅವರ ಲೆಕ್ಕದಲ್ಲಿ ಬುಡ್ಡಿ ಇಳಿಸಬೇಕಾದದ್ದು ಒಂಬತ್ತು ಗಂಟೆಗೆ.

ಅಕ್ಕಿ ತೌಡಿನಲ್ಲಿ ಫೆರುಲಿಕ್ ಎಂಬ ಆಮ್ಲವಿದೆ. ಪೋತ್ನಾಳದ ಗಿರಣಿಯಲ್ಲಿ ಹಳೆಯ ತೌಡಿನ ರಾಶಿಯಡಿಯ ಮಣ್ಣಿನಿಂದ ತಂದ ಸೂಕ್ಷ್ಮಾಣುಗಳು ಅದನ್ನು ತಿಂದು, ಮೊದಲು ಲವಂಗದ ವಾಸನೆ ಬಿಟ್ಟು, ಆಮೇಲೆ ವೆನಿಲಿನ್ ಮಾಡುತ್ತವೆ. ಬೇಕರಿಗೂ ಐಸ್‌ಕ್ರೀಮಿಗೂ ಬೇಕಾದ ಪರಿಮಳ ಅದು. ತೊಂದರೆಯೆಂದರೆ, ಸ್ವಲ್ಪ ತಡವಾದರೆ ಅವು ತಾವು ಮಾಡಿದ ವೆನಿಲಿನ್ನನ್ನೂ ತಿಂದು ಮುಗಿಸುತ್ತವೆ. ಹೈದರಾಬಾದಿಗೆ ಕಳಿಸಿದ ಮಾದರಿಯ ವರದಿ ಬರಲು ಹದಿನೈದು ದಿನ. ಅಮೀರ್ ಬೀಗೆ ಒಂದು ಉಸಿರು ಸಾಕು.

ಅವರು ಇಲ್ಲಿ ಮೂಸುವ ಕೆಲಸಕ್ಕೆ ಸೇರಿದವರಲ್ಲ. ೧೯೭೬ರಿಂದ, ಈ ಎಂಟು ವರ್ಷ, ದಿನಗೂಲಿಯ ಮೇಲೆ ದಿನಕ್ಕೆ ನೂರೈವತ್ತು ಬುಡ್ಡಿ ತೊಳೆಯುತ್ತಿದ್ದಾರೆ. ಸೋಡಾ ಪುಡಿಗೆ ಬೆರಳ ಸಂದುಗಳು ಬಿರಿದಿವೆ. ತಂದೆ ಖಾಜಾಮಿಯಾ ಮಾನ್ವಿ, ದೇವದುರ್ಗದ ಸಂತೆಗಳಲ್ಲಿ ಅತ್ತರು ಮಾರುತ್ತಿದ್ದವರು. ಮಗಳು ಅವರ ಪೆಟ್ಟಿಗೆಯ ಪಕ್ಕ ಕೂತು ಕಲಿತದ್ದು ಇದೊಂದೇ. ಮೂಗು ಕೆಡಬಾರದೆಂದು ಎಲೆಯಡಿಕೆಗೆ ತಂಬಾಕು ಹಾಕುವುದನ್ನು ಬಿಟ್ಟಿದ್ದಾರೆ.

ಹೋದ ತಿಂಗಳು ಹನ್ನೆರಡು ಬುಡ್ಡಿ ಕೆಟ್ಟವು. "ಸಾಹೇಬ್ರ, ಇಳಿಯಾಕತ್ತದ!" ಎಂದು ಅಮೀರ್ ಬೀ ಕೂಗಿದ್ದರು. ಅತ್ತರಿನವರ ಮಾತಿನಲ್ಲಿ ಇಳಿಯುವುದೆಂದರೆ ಪರಿಮಳ ಕುಂದುವುದು. ಯಂತ್ರದ ಶಾಖ ಇಳಿಯುತ್ತಿದೆ ಎಂದುಕೊಂಡ ಅಯ್ಯಣ್ಣ ಓಡಿಬಂದು ಶಾಖ ಏರಿಸಿದರು. ಸೂಕ್ಷ್ಮಾಣುಗಳಿಗೆ ಹಬ್ಬ. ಮಧ್ಯಾಹ್ನದ ಹೊತ್ತಿಗೆ ಉಳಿದದ್ದು ಒದ್ದೆ ಗೋಣಿಯ ನಾತ.

"ಅವ್ರು ಓದಿದವ್ರು, ನಾ ಮೂಸಿದಾಕಿ. ಮಾತು ಒಂದ ಇತ್ರೀ, ಇಬ್ರೂ ಬ್ಯಾರೆ ಬ್ಯಾರೆ ತಿಳ್ಕೊಂಡಿವಿ," ಎಂದು ಅವರು ನಗುತ್ತಾರೆ. ಮೇಲಿನವರು ನಗಲಿಲ್ಲ. ಬುಡ್ಡಿ ತೊಳೆಯುವವಳ ಮಾತು ಯಾಕೆ ಕೇಳಿದಿರಿ ಎಂದರು. ನಾಲ್ಕು ಚೀಲ ತೌಡಿನಿಂದ ತೆಗೆದ ಕೊನೆಯ ಆಮ್ಲ ಈ ಮೂರು ಬುಡ್ಡಿಗಳಲ್ಲಿದೆ. ಇವೂ ಕೆಟ್ಟರೆ ಪ್ರಯೋಗ ಮುಚ್ಚುತ್ತದೆ. ಆಮೇಲೆ ಅಮೀರ್ ಬೀ ಮತ್ತೆಂದೂ ಯಂತ್ರದ ಹತ್ತಿರ ಸುಳಿಯುವಂತಿಲ್ಲ.

"ಯವ್ವಾ, ಇದು ಯಾವ ಇಳಿಸೋದು ಸರಿಯಾಗಿ ಹೇಳು," ಎನ್ನುತ್ತಾರೆ ಈಗ ಅಯ್ಯಣ್ಣ; ಅವರೂ ದೇವದುರ್ಗದ ಕಡೆಯ ಜಾಲಹಳ್ಳಿಯವರು. "ಮತ್ತ ಗುಂಡಿ ತಿರುವ್ಲೇನು?"

"ಗುಂಡಿ ಮುಟ್ಟಬ್ಯಾಡ್ರಿ ನನ್ನಪ್ಪ! ಅನ್ನದ ಗಡಿಗಿ ಇಳಿಸ್ದಂಗ ಇಳಿಸ್ರಿ. ತಡ ಮಾಡಿದ್ರ ತಳ ಹತ್ತತದ."

ಅಯ್ಯಣ್ಣ ಎರಡು ಬುಡ್ಡಿ ಇಳಿಸಿ, ಸೂಕ್ಷ್ಮಾಣುಗಳು ಸಾಯಲೆಂದು ಕುದಿನೀರಿನಲ್ಲಿ ಇಡುತ್ತಾರೆ. ಮೂರನೆಯದನ್ನು ಗಡಿಯಾರಕ್ಕೆ ಬಿಡುತ್ತಾರೆ. ಧೈರ್ಯ ಅಷ್ಟೇ ಬಂದದ್ದು. ಅಮೀರ್ ಬೀ ತೊಟ್ಟಿಯ ಕಡೆಗೆ ಹೋಗಿ ಬುಡ್ಡಿ ತೊಳೆಯಲು ಕೂಡುತ್ತಾರೆ.

ಒಂಬತ್ತಕ್ಕೆ ಅಯ್ಯಣ್ಣ ಮೂರನೆಯ ಬುಡ್ಡಿ ಮೂಸುತ್ತಾರೆ. ಇನ್ನೊಮ್ಮೆ ಮೂಸುತ್ತಾರೆ. ಬರೀ ಗೋಣಿ. ತಣ್ಣಗಾದ ಎರಡರ ಬಿರಡೆ ತೆಗೆದಾಗ ಕೋಣೆಯ ತುಂಬ ಬೇಕರಿ ಬಾಗಿಲು ತೆರೆದಂತಾಗುತ್ತದೆ. ಅವರು ಅಮೀರ್ ಬೀಯನ್ನು ಕರೆದು, "ನಿನಗೇನ್ ಬೇಕು ಕೇಳ್ ಯವ್ವಾ," ಎನ್ನುತ್ತಾರೆ.

ಅಮೀರ್ ಬೀ ಕೆಟ್ಟ ಬುಡ್ಡಿಯನ್ನು ಕೈಗೆತ್ತಿಕೊಳ್ಳುತ್ತಾರೆ.

"ಇದನ್ನ ನಾ ತೊಳೀತೀನ್ರಿ. ಆ ಎರಡು ಖಾಲಿ ಆದ ಮ್ಯಾಲೆ ಬ್ಯಾರೆ ಯಾರರ ತೊಳೀಲಿ. ನಾ ಹಿಡಿದ ಪರಿಮಳ ನನ್ನ ಕೈಲೆ ತೊಳಸಬ್ಯಾಡ್ರಿ."